ಬೂಲ್ ಸಾಹೇಬರ ಜರಡಿ: ಕೆಲಸಕ್ಕೆ ಜನ ಹುಡುಕುವ ವಿದ್ಯೆ ಬೆಳೆದು ಬಂದ ಕಥೆ

ಕೆಲಸ ಹುಡುಕಿ ಅಲೆದವರ ಕಥೆಗಳಿಗೆ ನಮ್ಮಲ್ಲಿ ಬರವಿಲ್ಲ. ಊರು ಬಿಟ್ಟು ಮುಂಬಯಿ, ಪುಣೆ, ಮದ್ರಾಸು ಸೇರಿದ ಯಾವ ಕನ್ನಡಿಗರ ಮನೆಗೆ ಹೋದರೂ ಅಂಥದ್ದೊಂದು ಕಥೆ ಕಾಫಿಯ ಜತೆಗೇ ಬರುತ್ತದೆ. ಆದರೆ ಕೆಲಸಕ್ಕೆ ಜನರನ್ನು ಹುಡುಕಿದವರ ಕಥೆ? ಮೇಜಿನ ಆ ಕಡೆ ಕೂತವರಿಗೆ ಎಂಥ ಕಥೆ ಅಂತ ನಾವು ಅದನ್ನು ಕೇಳುವುದೇ ಇಲ್ಲ. ನಿಜ ಹೇಳಬೇಕೆಂದರೆ ಕಳೆದ ಮೂವತ್ತು ವರ್ಷಗಳಲ್ಲಿ ಕೆಲಸ ಹುಡುಕುವ ರೀತಿ ಎಷ್ಟು ಬದಲಾಯಿತೋ, ಜನ ಹುಡುಕುವ ರೀತಿ ಅದಕ್ಕಿಂತ ಹೆಚ್ಚೇ ಬದಲಾಗಿದೆ. ಆ ಬದಲಾವಣೆಯಲ್ಲಿ ನಮ್ಮ ಕಡೆಯವರಲ್ಲಿ ಕೆಲವರು ಥಟ್ಟನೆ ಕಣ್ಣಿಗೆ ಬಿದ್ದರು. ಅಷ್ಟೇ ಯೋಗ್ಯತೆಯ ಇನ್ನು ಕೆಲವರು ಕಣ್ಣಿಗೇ ಬೀಳಲಿಲ್ಲ. ಯಾಕೆ ಹೀಗಾಯಿತು ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮುಂಬಯಿಯಲ್ಲಿ ಹಳೆಯ ಪದ್ಧತಿ ಸರಳವಾಗಿತ್ತು. ಹೋಟೆಲಿಗೆ ಹುಡುಗ ಬೇಕಿದ್ದರೆ ಮಾಲೀಕರು ಊರಿಗೆ ಒಂದು ಕಾಗದ ಹಾಕುತ್ತಿದ್ದರು. ಮುಂದಿನ ತಿಂಗಳು ಯಾರದೋ ಜತೆಯಲ್ಲಿ ಹುಡುಗ ಬಂದಿಳಿಯುತ್ತಿದ್ದ. ಹಗಲು ಕಪ್ಪು-ಬಸಿ ತೊಳೆದು ರಾತ್ರಿಶಾಲೆಯಲ್ಲಿ ಓದಿ, ಟೈಪಿಂಗು ಶಾರ್ಟ್‌ಹ್ಯಾಂಡು ಕಲಿತು ಫೋರ್ಟಿನ ಆಫೀಸುಗಳಿಗೆ ಸೇರಿದವರು ಎಷ್ಟೋ ಜನ. ಅಲ್ಲಿಗೂ ದಾರಿ ತೋರಿಸುತ್ತಿದ್ದುದು ಪರಿಚಯವೇ. 'ನಮ್ಮಲ್ಲಿ ಒಂದು ಜಾಗ ಖಾಲಿಯಿದೆ, ನಿಮ್ಮ ಕಡೆಯವರು ಯಾರಾದರೂ ಇದ್ದರೆ ಹೇಳಿ' ಅನ್ನುವ ಒಂದು ಮಾತು ಮಾಟುಂಗದಲ್ಲಿ ಹೊರಟರೆ ಸಂಜೆಯೊಳಗೆ ಡೊಂಬಿವಲಿ ತಲುಪುತ್ತಿತ್ತು. ಆ ಪದ್ಧತಿಯಲ್ಲಿ ಮಮತೆಯಿತ್ತು, ಸರಿ. ಆದರೆ 'ನಮ್ಮ ಕಡೆಯವರು' ಅಂದರೆ ಹೆಚ್ಚಿನ ಸಲ ನಮ್ಮ ಜಾತಿಯವರು, ನಮ್ಮ ತಾಲೂಕಿನವರು ಅಂತಲೇ ಅರ್ಥ. ಆ ಮಾತು ಯಾರ ಕಿವಿಗೆ ಬೀಳಲಿಲ್ಲವೋ ಅವರಿಗೆ ಆ ಕೆಲಸ ಇರಲೇ ಇಲ್ಲ.

ಸರಕಾರ ಇದಕ್ಕೊಂದು ಪರ್ಯಾಯ ಮಾಡಿತ್ತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, 1945ರಲ್ಲಿ, ಸೈನ್ಯದಿಂದ ಬಿಡುಗಡೆಯಾಗುವವರಿಗೆ ಕೆಲಸ ಕೊಡಿಸಲೆಂದು ಹುಟ್ಟಿದ ಇಲಾಖೆಯೇ ಮುಂದೆ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್ ಆಗಿ ಎಲ್ಲರಿಗೂ ತೆರೆಯಿತು. 1959ರ ಕಾನೂನಿನ ಪ್ರಕಾರ 25 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಗಳನ್ನು ಅಲ್ಲಿಗೆ ತಿಳಿಸಬೇಕಿತ್ತು. ಆದರೆ ತಿಳಿಸಿದರೆ ಸಾಕು, ಅವರು ಕಳಿಸಿದವರನ್ನೇ ತೆಗೆದುಕೊಳ್ಳಬೇಕೆಂಬ ಕಟ್ಟಳೆ ಇರಲಿಲ್ಲ! ಕಾರ್ಡುಗಳು ಡಬ್ಬಿಗಳಲ್ಲಿ ತುಂಬಿದವು, ಮಕ್ಕಳು ಮೂರು ವರ್ಷಕ್ಕೊಮ್ಮೆ ಹೋಗಿ ರಿನ್ಯೂ ಮಾಡಿಸಿ ಬಂದರು, ಅಷ್ಟೇ.

ಪಟ್ಟಿಯೊಳಗೆ ಹೆಸರು ಹುಡುಕುವುದು ಯಾವಾಗಲೂ ಕೆಲಸ ಕೊಡುವುದಕ್ಕೇ ಆಗಿರುವುದಿಲ್ಲ ಅನ್ನುವುದನ್ನು ಮುಂಬಯಿಯ ದಕ್ಷಿಣದವರು ಚೆನ್ನಾಗಿ ಬಲ್ಲರು. 1960ರ ದಶಕದ ಮಧ್ಯದಲ್ಲಿ 'ಮಾರ್ಮಿಕ' ವಾರಪತ್ರಿಕೆ ಇಲ್ಲಿನ ಕಂಪನಿಗಳ ಅಧಿಕಾರಿಗಳ ಹೆಸರುಗಳನ್ನು ಡೈರೆಕ್ಟರಿಗಳಿಂದ ಹೆಕ್ಕಿ ಪಟ್ಟಿ ಮಾಡಿ ಅಚ್ಚು ಹಾಕುತ್ತಿತ್ತು. ಹೆಸರು ನೋಡಿದರೆ ಸಾಕು, ಯಾರು ಎಲ್ಲಿಯವರೆಂದು ಗೊತ್ತಾಗುತ್ತಿತ್ತು. 1966ರಲ್ಲಿ ಶಿವಸೇನೆ ಹುಟ್ಟಿದ ಹಿನ್ನೆಲೆಯಲ್ಲಿ ಆ ಪಟ್ಟಿಗಳ ಪಾತ್ರ ದೊಡ್ಡದು. ಕಂಪ್ಯೂಟರಿಲ್ಲ, ಇಂಟರ್ನೆಟ್ಟಿಲ್ಲ. ಒಂದು ಡೈರೆಕ್ಟರಿ, ಒಂದು ಪೆನ್ನು. ಜನರನ್ನು ಹುಡುಕುವ ವಿದ್ಯೆಯ ಎರಡೂ ಮುಖಗಳು ಅಂದೇ ಇದ್ದವು: ಯಾರನ್ನು ಕರೆಯಬೇಕು ಮತ್ತು ಯಾರನ್ನು ಬಿಡಬೇಕು.

ಈ 'ಬೇಕು-ಬೇಡ'ಕ್ಕೆ ಗಣಿತದ ರೂಪ ಕೊಟ್ಟವರು ಜಾರ್ಜ್ ಬೂಲ್. 1815ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಚಪ್ಪಲಿ ಹೊಲಿಯುವವರೊಬ್ಬರ ಮಗನಾಗಿ ಹುಟ್ಟಿದ ಈತ ಕಾಲೇಜಿನ ಮೆಟ್ಟಿಲು ಹತ್ತದೆ ಸ್ವಂತ ಓದಿನಿಂದಲೇ ಗಣಿತಜ್ಞನಾದವರು. 1849ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ಪದವಿಯೇ ಇಲ್ಲದ ಪ್ರೊಫೆಸರ್! ಇಂದಿನ ನೇಮಕಾತಿ ಜರಡಿಯಲ್ಲಿ ಹಾಕಿದ್ದರೆ ಮೊದಲ ಸುತ್ತಿನಲ್ಲೇ ಉದುರಿ ಹೋಗುತ್ತಿದ್ದರು. 1847 ಮತ್ತು 1854ರಲ್ಲಿ ಬಂದ ಅವರ ಎರಡು ಪುಸ್ತಕಗಳು ತರ್ಕವನ್ನು ಬೀಜಗಣಿತದಂತೆ ಬರೆಯಬಹುದೆಂದು ತೋರಿಸಿದವು. ಇದೂ ಅದೂ ಎರಡೂ ಇರಬೇಕು, ಇದಾದರೂ ಅದಾದರೂ ಇರಬೇಕು, ಇದು ಇರಬಾರದು. ಇವನ್ನೇ ನಾವೀಗ ಆ್ಯಂಡ್, ಆರ್, ನಾಟ್ ಅನ್ನುವುದು. ಅಂದ ಹಾಗೆ ಬೂಲರ ಹೆಂಡತಿ ಮೇರಿ ನಮ್ಮ ದೇಶದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟರ ಅಣ್ಣನ ಅಥವಾ ತಮ್ಮನ ಮಗಳು. ಶಿಖರಕ್ಕೆ ಹೆಸರು ಬಂತಲ್ಲ, ಅದೇ ಎವರೆಸ್ಟ್. ಬೂಲ್ 1864ರಲ್ಲಿ ಮಳೆಯಲ್ಲಿ ನೆನೆದುಕೊಂಡೇ ಪಾಠಕ್ಕೆ ಹೋಗಿ ನ್ಯುಮೋನಿಯಾ ಹತ್ತಿ 49ನೇ ವಯಸ್ಸಿನಲ್ಲಿ ತೀರಿಕೊಂಡರು.

ಬೂಲರ ತರ್ಕವನ್ನು ಹುಡುಕಾಟಕ್ಕೆ ಮೊದಲು ಹಚ್ಚಿದವರು ಗ್ರಂಥಾಲಯದವರು. ಅಂಚಿನ ಸುತ್ತ ತೂತುಗಳಿದ್ದ ಒಂದು ಬಗೆಯ ಕಾರ್ಡುಗಳಿದ್ದವು. ಪ್ರತಿ ತೂತಿಗೂ ಒಂದು ಗುಣ. ಆ ಗುಣ ಇದ್ದರೆ ತೂತನ್ನು ಅಂಚಿನವರೆಗೆ ಕತ್ತರಿಸಿ ಬಿಡುತ್ತಿದ್ದರು. ಇಡೀ ಕಟ್ಟಿಗೆ ಉದ್ದನೆಯ ಸೂಜಿ ತೂರಿಸಿ ಎತ್ತಿದರೆ ಬೇಕಾದ ಕಾರ್ಡುಗಳು ಕೆಳಗೆ ಬೀಳುತ್ತಿದ್ದವು, ಉಳಿದವು ಸೂಜಿಯಲ್ಲಿ ನೇತಾಡುತ್ತಿದ್ದವು. ಎರಡು ಸೂಜಿ ತೂರಿಸಿದರೆ ಎರಡೂ ಗುಣ ಇದ್ದವು ಮಾತ್ರ ಬೀಳುತ್ತಿದ್ದವು. ಅದೇ ಆ್ಯಂಡ್! 1972ರಲ್ಲಿ ಅಮೆರಿಕದ ಲಾಕ್‌ಹೀಡ್ ಕಂಪನಿಯ 'ಡಯಲಾಗ್' ದುಡ್ಡು ಕೊಟ್ಟವರಿಗೆಲ್ಲ ತೆರೆದಾಗ ಈ ಕೆಲಸ ದೂರವಾಣಿ ತಂತಿಯ ಮೇಲೆ ಕಂಪ್ಯೂಟರಿಗೆ ಬಂತು.

ಇಲ್ಲಿ ನಮ್ಮ ಬೆಂಗಳೂರಿನ ಹೆಸರೂ ಬರಬೇಕು. ಎಸ್. ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದಲ್ಲಿ ಒಂದು ಪುಸ್ತಕವನ್ನು ಒಂದೇ ಗೂಡಿಗೆ ತುರುಕದೆ ವಸ್ತು, ಸ್ಥಳ, ಕಾಲ ಹೀಗೆ ಹಲವು ಮುಖಗಳಿಂದ ನೋಡುವ ದಾರಿ ಹಾಕಿಕೊಟ್ಟರು. ತಮಿಳುನಾಡಿನವರಾದರೂ ಕೊನೆಯ ಕಾಲ ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ಡಿ.ಆರ್.ಟಿ.ಸಿ. ಎಂಬ ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಇವತ್ತು ಯಾವುದೇ ಜಾಬ್ ಸೈಟಿನಲ್ಲಿ ಎಡಗಡೆ 'ಊರು, ಅನುಭವ, ವಿದ್ಯೆ, ಸಂಬಳ' ಅಂತ ಟಿಕ್ ಹಾಕುವ ಪಟ್ಟಿ ಇರುತ್ತದಲ್ಲ, ಅದರ ಹಿಂದಿನ ಯೋಚನೆ ರಂಗನಾಥನ್ ಅವರ ಮುಖಗಳದ್ದೇ.

ಇನ್ನು ಇಂಟರ್ನೆಟ್ ಕಾಲ. ವೆಬ್ಬಿಗೂ ಮೊದಲೇ ಯೂಸ್‌ನೆಟ್‌ನಲ್ಲಿ ಕೆಲಸಕ್ಕೊಂದು, ರೆಸ್ಯೂಮೆಗೊಂದು ಗುಂಪುಗಳಿದ್ದವು. 1994ರಲ್ಲಿ ಜೆಫ್ ಟೇಲರ್ ಅಮೆರಿಕದಲ್ಲಿ 'ಮಾನ್‌ಸ್ಟರ್ ಬೋರ್ಡ್' ಶುರು ಮಾಡಿದರು. ನಮ್ಮಲ್ಲಿ ವಿ.ಎಸ್.ಎನ್.ಎಲ್. ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟಿದ್ದು 1995ರ ಆಗಸ್ಟ್ 15ರಂದು. ಎರಡೇ ವರ್ಷದಲ್ಲಿ, 1997ರಲ್ಲಿ, ಸಂಜೀವ್ ಬಿಖ್‌ಚಂದಾನಿ 'ನೌಕರಿ ಡಾಟ್ ಕಾಮ್' ತೆರೆದರು. ಆ ಯೋಚನೆ ಅವರಿಗೆ ಹೊಳೆದದ್ದು ಅದಕ್ಕೂ ಮೊದಲು, ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಗ. ಆಫೀಸಿಗೆ ಬರುತ್ತಿದ್ದ ಬಿಸಿನೆಸ್ ಪತ್ರಿಕೆಯನ್ನು ಸಹೋದ್ಯೋಗಿಗಳೆಲ್ಲ ಹಿಂದಿನಿಂದ, ಅಂದರೆ ಕೆಲಸದ ಜಾಹೀರಾತುಗಳಿಂದ ಓದಲು ಶುರುಮಾಡುತ್ತಿದ್ದರಂತೆ. ಕೆಲಸ ಬದಲಿಸುವ ಉದ್ದೇಶ ಇಲ್ಲದವರೂ ಓದುತ್ತಿದ್ದರು! ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದೇ ಹೊತ್ತಿಗೆ ವೈ2ಕೆ ಗಲಾಟೆ. ಹಳೆಯ ಕೋಬಾಲ್ ಪ್ರೋಗ್ರಾಮುಗಳನ್ನು 2000ದ ಜನವರಿಯೊಳಗೆ ತಿದ್ದಬೇಕಿತ್ತು. ಜತೆಗೆ ಡಾಟ್‌ಕಾಮ್ ಹುಚ್ಚು. ಅಮೆರಿಕ ವರ್ಷಕ್ಕೆ 65,000 ಇದ್ದ ಎಚ್-1ಬಿ ವೀಸಾ ಮಿತಿಯನ್ನು 1999ಕ್ಕೆ 1,15,000ಕ್ಕೂ 2001ಕ್ಕೆ 1,95,000ಕ್ಕೂ ಏರಿಸಿತು. ಜಾಬ್ ಸೈಟಿನಲ್ಲಿ ದುಡ್ಡು ಕಟ್ಟಿದವರಿಗೆಲ್ಲ ಅದೇ ರೆಸ್ಯೂಮೆಗಳು ಕಾಣುತ್ತಿದ್ದವು. ಒಬ್ಬ ಒಳ್ಳೆಯ ಪ್ರೋಗ್ರಾಮರ್ ರೆಸ್ಯೂಮೆ ಹಾಕಿದ ದಿನವೇ ಇಪ್ಪತ್ತು ಫೋನು. ಆಗ ನೇಮಕಾತಿಯವರಿಗೆ ಹೊಳೆದದ್ದು ಇದು: ಅರ್ಜಿ ಹಾಕದವರನ್ನೇ ಹುಡುಕಿದರೆ ಹೇಗೆ? ಕೆಲಸ ಬದಲಿಸುವ ಉದ್ದೇಶವಿಲ್ಲದೆಯೂ ಹಿಂದಿನಿಂದ ಪತ್ರಿಕೆ ಓದುವವರು ಇದ್ದಾರಲ್ಲ, ಅವರನ್ನು!

ಸಾಧನ ಕೈಯಲ್ಲಿತ್ತು. 1995ರ ಡಿಸೆಂಬರಿನಲ್ಲಿ ಡಿಜಿಟಲ್ ಕಂಪನಿ ಹೊರತಂದ 'ಆಲ್ಟಾವಿಸ್ಟಾ' ವೆಬ್ಬಿನ ಪುಟಗಳ ಒಳಗಿನ ಪದಗಳನ್ನೆಲ್ಲ ಹುಡುಕಿ ಕೊಡುತ್ತಿತ್ತು. ಅದರ ಅಡ್ವಾನ್ಸ್‌ಡ್ ಪುಟದಲ್ಲಿ ಬೂಲರ ಮೂರು ಪದಗಳ ಜತೆ 'ನಿಯರ್' ಎಂಬ ನಾಲ್ಕನೆಯದೂ ಇತ್ತು. ಎರಡು ಪದಗಳು ಹತ್ತು ಪದಗಳ ಅಂತರದೊಳಗೆ ಇರಬೇಕು ಅಂತ. 'ಮ್ಯಾನೇಜರ್' ಮತ್ತು 'ಒರಾಕಲ್' ಒಂದೇ ಪುಟದ ಎರಡು ಮೂಲೆಗಳಲ್ಲಿದ್ದರೆ ಪ್ರಯೋಜನವಿಲ್ಲ, ಹತ್ತಿರವಿದ್ದರೆ ಅದು ಬಹುಶಃ ಒಬ್ಬ ಮನುಷ್ಯನ ಅನುಭವ.

1997ರಲ್ಲಿ ಅಮೆರಿಕದಲ್ಲಿ ಶುರುವಾದ 'ಏರ್ಸ್' ಎಂಬ ಸಂಸ್ಥೆ ಇದನ್ನೇ ಪಾಠ ಮಾಡಿ ಸಾವಿರಾರು ನೇಮಕಾತಿಯವರಿಗೆ ಕಲಿಸಿತು. ಮೂರು ಪಟ್ಟುಗಳು ಮುಖ್ಯ. ಒಂದು, ಎಕ್ಸ್-ರೇ. ಒಂದು ಕಂಪನಿಯ ಅಥವಾ ಕಾಲೇಜಿನ ಸೈಟಿನೊಳಗೆ ಮಾತ್ರ ಹುಡುಕುವಂತೆ ಹೇಳುವುದು. ಮುಖಪುಟದಿಂದ ಕೊಂಡಿಯೇ ಇಲ್ಲದ ಸಿಬ್ಬಂದಿ ಪಟ್ಟಿ, ಹಳೆ ವಿದ್ಯಾರ್ಥಿಗಳ ಪುಟ ಎಲ್ಲ ಹೊರಬೀಳುತ್ತಿದ್ದವು. ಎರಡು, ಫ್ಲಿಪ್. ಒಂದು ಸೈಟಿಗೆ ಹೊರಗಿನಿಂದ ಯಾರು ಯಾರು ಕೊಂಡಿ ಹಾಕಿದ್ದಾರೆಂದು ನೋಡುವುದು. ಆಗ ಜನ ತಮ್ಮ ಸ್ವಂತ ಪುಟದಲ್ಲಿ ರೆಸ್ಯೂಮೆ ಹಾಕಿ, ಕೆಲಸ ಮಾಡಿದ ಕಂಪನಿಯ ಹೆಸರಿಗೆ ಕೊಂಡಿ ಕೊಡುತ್ತಿದ್ದರು. ಹಾಗಾಗಿ ಕಂಪನಿಗೆ ಬಂದ ಕೊಂಡಿ ಹಿಡಿದು ಹಿಂದಕ್ಕೆ ಹೋದರೆ ಅಲ್ಲಿಯ ನೌಕರರೇ ಸಿಗುತ್ತಿದ್ದರು. ಮೂರು, ಸಿಪ್ಪೆ ಸುಲಿಯುವುದು. ಒಂದು ರೆಸ್ಯೂಮೆಯ ವಿಳಾಸದ ಕೊನೆಯ ತುಂಡನ್ನು ಅಳಿಸಿ ಎಂಟರ್ ಒತ್ತಿದರೆ, ಅದಿರುವ ಕಪಾಟಿನ ಉಳಿದ ರೆಸ್ಯೂಮೆಗಳೂ ಕಾಣುತ್ತಿದ್ದವು.

ಗೂಗಲ್ ಬಂದ ಮೇಲೆ ಇದು ಇನ್ನೂ ಸುಲಭವಾಯಿತು. 2001ರಲ್ಲಿ ಅದು ಪಿಡಿಎಫ್ ಮತ್ತು ವರ್ಡ್ ಫೈಲುಗಳ ಒಳಗೂ ಹುಡುಕಲು ಶುರು ಮಾಡಿತು. ರೆಸ್ಯೂಮೆ ಇರುವುದೇ ಆ ರೂಪದಲ್ಲಿ ತಾನೆ? ಪುಟದ ಶೀರ್ಷಿಕೆಯಲ್ಲಿ 'ರೆಸ್ಯೂಮೆ' ಇರಬೇಕು, ಒಳಗೆ 'ಜಾವಾ' ಇರಬೇಕು, 'ಬೆಂಗಳೂರು' ಅಥವಾ 'ಪುಣೆ' ಇರಬೇಕು, ಫೈಲು ವರ್ಡ್ ಆಗಿರಬೇಕು ಅಂತ ಒಂದೇ ಸಾಲಿನಲ್ಲಿ ಹೇಳಬಹುದಿತ್ತು. ಆದರೆ ಅಸಲಿ ಜಾಣತನ ಇದ್ದದ್ದು ಸಾಲಿನ ಕೊನೆಯ ಮೈನಸ್ ಚಿಹ್ನೆಗಳಲ್ಲಿ. 'ಸ್ಯಾಂಪಲ್' ಬೇಡ, 'ಟೆಂಪ್ಲೇಟ್' ಬೇಡ, 'ಅಪ್ಲೈ' ಬೇಡ. ಇವನ್ನು ಕಳೆಯದಿದ್ದರೆ ರೆಸ್ಯೂಮೆ ಬರೆಯುವುದು ಹೇಗೆಂದು ಹೇಳಿಕೊಡುವ ಪುಟಗಳೂ ಜಾಹೀರಾತುಗಳೂ ಬಂದು ಮುತ್ತುತ್ತಿದ್ದವು. ಅಕ್ಕಿಗಿಂತ ಕಲ್ಲೇ ಹೆಚ್ಚಾದಂತೆ.

2003ರ ಮೇ ತಿಂಗಳಲ್ಲಿ ಲಿಂಕ್ಡ್‌ಇನ್ ಬಂತು. ಜನ ತಮ್ಮ ಕೈಯಾರೆ ಕೆಲಸದ ಜಾತಕ ಬರೆದು ಒಂದೇ ಕಡೆ ಇಟ್ಟರು. ಒಳಗೆ ಹೆಚ್ಚು ನೋಡಬೇಕಾದರೆ ದುಡ್ಡು ಕಟ್ಟಬೇಕು. ಆದರೆ ಹೊರಗಿನಿಂದ, ಗೂಗಲ್ ಮೂಲಕ ಅದೇ ಸೈಟನ್ನು ಎಕ್ಸ್-ರೇ ಮಾಡಿದರೆ ಬಹಳಷ್ಟು ಕಾಣುತ್ತಿತ್ತು. ದುಡ್ಡಿಲ್ಲದ ಸಣ್ಣ ನೇಮಕಾತಿ ಏಜೆನ್ಸಿಗಳ ಹೊಟ್ಟೆ ತುಂಬಿಸಿದ ಪಟ್ಟು ಇದು. ಅಂಧೇರಿಯ ಸೀಪ್ಝ್ ಸುತ್ತಮುತ್ತ ಎರಡು ಕುರ್ಚಿ, ಒಂದು ಫೋನು, ಒಂದು ಕಂಪ್ಯೂಟರಿನ ಇಂಥ ಏಜೆನ್ಸಿಗಳು ಎಷ್ಟಿದ್ದವೋ!

ಈಗ ನಾನು ಹೇಳಬೇಕಿದ್ದ ಮಾತಿಗೆ ಬರುತ್ತೇನೆ. ಬೂಲರ ತರ್ಕಕ್ಕೆ ಊಹೆ ಗೊತ್ತಿಲ್ಲ. ಬರೆದದ್ದು ಇದೆ, ಬರೆಯದ್ದು ಇಲ್ಲ. ಒಂದು ಅಕ್ಷರ ಆಚೀಚೆ ಆದರೆ ಮನುಷ್ಯನೇ ಇಲ್ಲ! ಕರ್ನಾಟಕದಲ್ಲಿ ಇಂಜಿನಿಯರಿಂಗ್ ಪದವಿಗೆ ಬಿ.ಇ. ಅನ್ನುತ್ತೇವೆ. ಮುಂಬಯಿ, ಪುಣೆ, ಅಣ್ಣಾ ವಿಶ್ವವಿದ್ಯಾಲಯಗಳಲ್ಲೂ ಹಾಗೆಯೇ. ಐ.ಐ.ಟಿ.ಗಳಲ್ಲಿ, ಉತ್ತರದ ಎಷ್ಟೋ ಕಡೆ ಬಿ.ಟೆಕ್. ಈಗ 'ಬಿ.ಇ.' ಅಂತ ಹುಡುಕಿ ನೋಡಿ. ಸರ್ಚ್ ಇಂಜಿನ್ನು ಚುಕ್ಕಿಗಳನ್ನು ಲೆಕ್ಕಕ್ಕಿಡುವುದಿಲ್ಲ. ಉಳಿಯುವ ಎರಡು ಅಕ್ಷರ ಇಂಗ್ಲಿಷಿನ 'ಬಿ' ಕ್ರಿಯಾಪದ. ಅದಿಲ್ಲದ ಇಂಗ್ಲಿಷ್ ಪುಟ ಎಲ್ಲಿದೆ? ತೀರ ಸಾಮಾನ್ಯ ಪದವೆಂದು ಎಷ್ಟೋ ಇಂಜಿನ್ನುಗಳು ಅದನ್ನು ಬಿಟ್ಟೇ ಬಿಡುತ್ತಿದ್ದವು. ಬೇಸತ್ತವರು ಬರೀ 'ಬಿ.ಟೆಕ್' ಅಂತ ಟೈಪ್ ಮಾಡುತ್ತಿದ್ದರು. ನಾನಿದ್ದ ಒಂದು ಆಫೀಸಿನಲ್ಲಿ ಇದು ತಿಂಗಳುಗಟ್ಟಲೆ ನಡೆಯಿತು. ದಕ್ಷಿಣದ ಹುಡುಗರು ಯಾಕೋ ಸಿಗುತ್ತಿಲ್ಲ ಅನ್ನುವ ಮಾತು ಮೀಟಿಂಗಿನಲ್ಲಿ ಬಂದಾಗ, ದಾವಣಗೆರೆಯ ಕಡೆಯ ಒಬ್ಬ ಟ್ರೈನಿ ಹುಡುಗಿ ಎದ್ದು 'ಸರ್, ನಮ್ಮಲ್ಲಿ ಬಿ.ಟೆಕ್ ಅನ್ನೋದೇ ಇಲ್ಲ' ಅಂದಳು. ಯಾರೂ ದ್ವೇಷ ಮಾಡಿರಲಿಲ್ಲ, ಯಾರನ್ನೂ ಬೇಕೆಂದು ಬಿಟ್ಟಿರಲಿಲ್ಲ. ಒಂದು ಪದ, ಅಷ್ಟೇ.

ಕಾಲೇಜುಗಳ ಹೆಸರಿನದು ಇನ್ನೊಂದು ಪುರಾಣ. 1960ರಲ್ಲಿ ಶುರುವಾದ ಸುರತ್ಕಲ್ ಕಾಲೇಜು ಹಳಬರಿಗೆ ಕೆ.ಆರ್.ಇ.ಸಿ., 2002ರ ನಂತರದವರಿಗೆ ಎನ್.ಐ.ಟಿ.ಕೆ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜು 2015ರಲ್ಲಿ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಯಿತು. 1998ರಲ್ಲಿ ವಿ.ಟಿ.ಯು. ಬರುವ ಮೊದಲು ಓದಿದವರ ಪದವಿಯ ಮೇಲೆ ಮೈಸೂರು, ಬೆಂಗಳೂರು, ಧಾರವಾಡ ಹೀಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳ ಹೆಸರು. ವಿಶ್ವೇಶ್ವರಯ್ಯನವರ ಹೆಸರನ್ನಂತೂ ಇಂಗ್ಲಿಷಿನಲ್ಲಿ ಬರೆಯುವ ರೀತಿಗಳು ಎಷ್ಟೆಂದು ಎಣಿಸಿದವರಿಲ್ಲ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಸೇರಿ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಕನ್ನಡಿಗರಿಗೆ ಹೆಮ್ಮೆಯ ಸಂಗತಿ, ಸರಿಯೇ. ಆದರೆ ಹುಡುಕುವವರು 'ಆರ್' ಹಾಕಿ ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಬರೆಯದಿದ್ದರೆ ಅರ್ಧ ಊರೇ ಮಾಯ. ಈ ವಿಷಯದಲ್ಲಿ ನಮ್ಮ ಮುಂಬಯಿಯ ವಿ.ಜೆ.ಟಿ.ಐ. ಜಾಣ. 1997ರಲ್ಲಿ ವಿಕ್ಟೋರಿಯಾ ಜ್ಯೂಬಿಲಿ ಹೋಗಿ ವೀರಮಾತಾ ಜೀಜಾಬಾಯಿ ಬಂದರೂ ಮೊದಲಕ್ಷರಗಳು ಹಾಗೇ ಉಳಿದವು!

ಇನ್ನೊಂದು ಕಡೆ, ಸುಲಭವಾಗಿ ಸಿಕ್ಕವರೂ ಸುಖವಾಗಿರಲಿಲ್ಲ. ನಮ್ಮ ದೇಶದ ರೆಸ್ಯೂಮೆ ಅಂದರೆ ತಂದೆಯ ಹೆಸರು, ಹುಟ್ಟಿದ ದಿನ, ಮದುವೆಯಾಗಿದೆಯೋ ಇಲ್ಲವೋ, ಮನೆ ವಿಳಾಸ, ಪಾಸ್‌ಪೋರ್ಟ್ ನಂಬರು ಎಲ್ಲ ಇರುವ ಪೂರ್ಣ ಜಾತಕ. ಅದನ್ನು ವೆಬ್ಬಿನಲ್ಲಿ ತೆರೆದಿಟ್ಟರೆ, ನೇಮಕಾತಿಯವರು ಬಳಸುವ ಸಾಲನ್ನೇ ಸುಳ್ಳು ಕೆಲಸದ ಆಸೆ ತೋರಿಸಿ ದುಡ್ಡು ಕೀಳುವವರೂ ಬಳಸುತ್ತಾರೆ. 2023ರಲ್ಲಿ ನಮ್ಮಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಬಂತು. ಆದರೆ ಯಾರು ತಾವೇ ತಮ್ಮ ಮಾಹಿತಿಯನ್ನು ಬಹಿರಂಗವಾಗಿ ಹಾಕಿದ್ದಾರೋ ಆ ಮಾಹಿತಿಗೆ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಅದರಲ್ಲೇ ಇದೆ. ಅಂದರೆ ಬಾಗಿಲು ನಾವೇ ತೆಗೆದಿಟ್ಟರೆ ಕಾವಲು ನಮ್ಮದೇ.

ಇನ್ನು ಆ ಹಳೆಯ 'ಬೇಡ'. 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಒಂದು ಅಧ್ಯಯನ ಪ್ರಕಟಿಸಿದರು. ಪತ್ರಿಕೆಗಳಲ್ಲಿ ಬಂದ ಖಾಸಗಿ ಕೆಲಸದ ಜಾಹೀರಾತುಗಳಿಗೆ ಒಂದೇ ಯೋಗ್ಯತೆಯ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಕಳಿಸಿದರು. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಮುಂದಿನ ಸುತ್ತಿನ ಕರೆ ಬರುವ ಸಂಭವ ಸುಮಾರು ಮೂರನೇ ಎರಡು, ಮುಸ್ಲಿಂ ಹೆಸರಿಗೆ ಸುಮಾರು ಮೂರನೇ ಒಂದು. ಯಂತ್ರಕ್ಕೆ ಬಿಟ್ಟರೆ ನ್ಯಾಯ ಸಿಗುತ್ತದೆಯೇ? ಅಮೆಜಾನ್ ಕಂಪನಿ ಹತ್ತು ವರ್ಷದ ಹಳೆಯ ರೆಸ್ಯೂಮೆಗಳನ್ನು ತೋರಿಸಿ ಒಂದು ಯಂತ್ರಕ್ಕೆ ಕಲಿಸಿತು. ಹಳೆಯದರಲ್ಲಿ ಗಂಡಸರೇ ಹೆಚ್ಚಿದ್ದರಿಂದ ಅದು 'ಮಹಿಳೆಯರ' ಎಂಬ ಪದವಿದ್ದ ರೆಸ್ಯೂಮೆಗಳ ಅಂಕ ಕಡಿಮೆ ಮಾಡುವುದನ್ನೇ ಕಲಿಯಿತು. ಕಂಪನಿ ಅದನ್ನು ಕೈಬಿಟ್ಟ ಸುದ್ದಿ 2018ರಲ್ಲಿ ಹೊರಬಂತು. ಬೂಲರ ಜರಡಿಯಲ್ಲಿ ಕನಿಷ್ಠ ಯಾವ ಪದದಿಂದ ನೀವು ಉದುರಿದಿರಿ ಅಂತ ತೋರಿಸಬಹುದಿತ್ತು. ದಾವಣಗೆರೆಯ ಹುಡುಗಿ ತೋರಿಸಿದಳಲ್ಲ, ಹಾಗೆ. ಹೊಸ ಯಂತ್ರದಲ್ಲಿ ತೋರಿಸಲು ಅಂಥ ಒಂದು ಪದವೇ ಇರುವುದಿಲ್ಲ.

ಹಳೆಯ ಸಾಧನಗಳು ಒಂದೊಂದಾಗಿ ಹೋದವು. ಗೂಗಲ್ 2011ರಲ್ಲಿ ಪ್ಲಸ್ ಚಿಹ್ನೆಯನ್ನೂ 2013ರಲ್ಲಿ ಸಮಾನಾರ್ಥಕ ಪದ ಹುಡುಕುವ ಅಲೆಗೆರೆಯನ್ನೂ ತೆಗೆಯಿತು. ಆಲ್ಟಾವಿಸ್ಟಾ 2013ರ ಜುಲೈನಲ್ಲಿ ಮುಚ್ಚಿತು. 2016ರಲ್ಲಿ ಲಿಂಕ್ಡ್‌ಇನ್ ಅನ್ನು ಮೈಕ್ರೋಸಾಫ್ಟ್ 26.2 ಬಿಲಿಯನ್ ಡಾಲರಿಗೆ ಕೊಂಡಿತು. ಅಮೆರಿಕದ ಮಾನ್‌ಸ್ಟರ್ ತನ್ನ ಹಳೆಯ ಎದುರಾಳಿ ಕೆರಿಯರ್‌ಬಿಲ್ಡರ್ ಜತೆ ಕೂಡಿಕೊಂಡರೂ 2025ರ ಜೂನಿನಲ್ಲಿ ದಿವಾಳಿ ಅರ್ಜಿ ಹಾಕಿತು. ಈಗ ನೇಮಕಾತಿಯವರು 'ಇಂಥವರು ಬೇಕು' ಅಂತ ಮಾತಿನಲ್ಲೇ ಹೇಳಿದರೆ ಯಂತ್ರ ಹುಡುಕಿ ತರುತ್ತದೆ. ಆದರೂ ಅದು ಓದುವುದು ನಾವು ಬರೆದದ್ದನ್ನೇ.

ಹಾಗಾಗಿ ಮನೆಯಲ್ಲಿ ಕೆಲಸ ಹುಡುಕುವ ಮಕ್ಕಳಿದ್ದರೆ ನಾನು ಹೇಳುವುದು ಇಷ್ಟು. ಕಾಲೇಜಿನ ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಬರೆಯಲಿ. ಬಿ.ಇ. ಅಂತ ಬಿಡದೆ 'ಬ್ಯಾಚುಲರ್ ಆಫ್ ಇಂಜಿನಿಯರಿಂಗ್' ಅಂತ ಬಿಡಿಸಿ ಬರೆಯಲಿ. ತಂದೆಯ ಹೆಸರು, ಮನೆ ವಿಳಾಸ, ಪಾಸ್‌ಪೋರ್ಟ್ ನಂಬರು ತೆಗೆದುಹಾಕಲಿ. ಮೇಜಿನ ಆ ಕಡೆ ಕೂತಿರುವ ನಮ್ಮವರಿಗೂ ಒಂದು ಮಾತು: ಹುಡುಕುವ ಸಾಲಿನಲ್ಲಿ ಇನ್ನೊಂದು 'ಆರ್' ಸೇರಿಸುವುದಕ್ಕೆ ದುಡ್ಡೇನೂ ಖರ್ಚಾಗುವುದಿಲ್ಲ. ಊರಿನಿಂದ ಕಾಗದ ಬರುತ್ತಿದ್ದ ಕಾಲದಲ್ಲಿ ಬಿಟ್ಟುಹೋದವರನ್ನು ಹುಡುಕಲು ದಾರಿಯೇ ಇರಲಿಲ್ಲ. ಈಗ ದಾರಿ ಇದೆ.